ಫರ್ನಾಂಡಿನಾದ ಕಪ್ಪು ದಡದಲ್ಲಿ

ಬೆಳಿಗ್ಗೆ ಏಳಕ್ಕೆಲ್ಲ ನಮ್ಮ ಪಾಂಗಾ ಫರ್ನಾಂಡಿನಾ ದ್ವೀಪದ ಪುಂಟಾ ಎಸ್ಪಿನೋಜಾದ ಬಂಡೆಗೆ ತಾಗಿತು. ಪೆಸಿಫಿಕ್ ಸಾಗರದ ದ್ವೀಪಸಮೂಹ ಗಲಾಪಗೋಸ್‌ನಲ್ಲಿ ಹಡಗಿನಿಂದ ದಡಕ್ಕೆ ಕರೆತರುವ ಸಣ್ಣ ದೋಣಿಗೆ ಪಾಂಗಾ ಅಂತಲೇ ಹೆಸರು. ಕಾಲೂರಲು ಹೊರಟವಳನ್ನು ಗೈಡ್ ಕೈ ಹಿಡಿದು ನಿಲ್ಲಿಸಿದರು. ನಾನು ಕಲ್ಲು ಅಂದುಕೊಂಡಿದ್ದು ಕಡಲ ಇಗುವಾನಾ, ಉಡದಂಥ ದೊಡ್ಡ ಹಲ್ಲಿ. ಒಂದಲ್ಲ, ನೂರಾರು, ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯುತ್ತಿದ್ದವು. ಆಗಾಗ ಮೂಗಿನಿಂದ ಪಿಚಕ್ಕನೆ ಉಪ್ಪುನೀರು ಚಿಮ್ಮಿಸುತ್ತಿದ್ದವು. ಅದೇ ಒಣಗಿ ತಲೆಯ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮೈ ಕಾದಮೇಲೆ ನೀರಿಗಿಳಿದು ಪಾಚಿ ಮೇಯುತ್ತವೆ. ಅದಕ್ಕೇ ಬೆಳಗಿನ ಸರದಿಯಲ್ಲೇ ಹೋಗಿ ಅನ್ನುತ್ತೇನೆ.

ಫರ್ನಾಂಡಿನಾ ಇಲ್ಲಿನ ದೊಡ್ಡ ದ್ವೀಪಗಳಲ್ಲಿ ಪಡುವಣದ ತುದಿಯದು, ವಯಸ್ಸಿನಲ್ಲಿ ಎಲ್ಲಕ್ಕಿಂತ ಕಿರಿಯದು. 2024ರ ಮಾರ್ಚ್‌ನಲ್ಲಿ ಸಿಡಿದಿದ್ದ ಲಾ ಕುಂಬ್ರೆ ಜ್ವಾಲಾಮುಖಿ ಅಂದು ಮೋಡದೊಳಗೇ ಇತ್ತು. ಕಾಲಡಿಯ ಲಾವಾ ಮಾತ್ರ ಆಲೆಮನೆಯ ಪಾಕ ಹರಿಯುತ್ತ ಹರಿಯುತ್ತಲೇ ಗಟ್ಟಿಯಾದ ಹಾಗೆ ಮಡಿಕೆ ಮಡಿಕೆ. ಮುಂದೆ ನಡೆದಂತೆ ಅದು ಚೂಪು ಚೂಪಾದ ಒರಟು ಕಲ್ಲಾಗುತ್ತದೆ, ದಪ್ಪ ಅಟ್ಟೆಯ ಶೂ ಬೇಕೇ ಬೇಕು. ಹೊರಗಿನಿಂದ ಬಂದ ಇಲಿ, ಬೆಕ್ಕು, ಆಡು ಇಲ್ಲಿ ನೆಲೆಯೂರಿಲ್ಲ. ಒಂದು ಹುಲ್ಲಿನ ಬೀಜವೂ ನನ್ನಿಂದ ಇಲ್ಲಿಗೆ ಬರಬಾರದೆಂದು ಹಿಂದಿನ ರಾತ್ರಿಯೇ ಅಟ್ಟೆಯ ಸಂದುಗಳನ್ನು ಬ್ರಷ್ ಹಾಕಿ ತೊಳೆದಿದ್ದೆ. ಚೀಲದ ಜೇಬುಗಳನ್ನೂ ಒಳಹೊರಗು ಮಾಡಿ ಕೊಡವಿದ್ದೆ.

ಎಲ್ಲರೂ ಕ್ಯಾಮೆರಾ ಹಿಡಿದು ಮುಂದೆ ಸಾಗುವಾಗ, ನೀರುಕಾಗೆಯ ಗೂಡಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣವೇ ಎಂದು ಗೈಡ್ ಅವರನ್ನು ಕೇಳಿದೆ. ಒಪ್ಪಿದರು. ಎರಡು ಮೀಟರ್ ದೂರ ಇರಲೇಬೇಕೆಂಬುದು ನಿಯಮ. ನಾನು ಇನ್ನೂ ಹಿಂದೆ ಸರಿದು ಕೂತು ದುರ್ಬೀನು ಹಿಡಿದೆ. ಹಾರಲಾರದ ಈ ನೀರುಕಾಗೆ ಫರ್ನಾಂಡಿನಾ ಮತ್ತು ಎದುರಿನ ಇಸಬೆಲಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಪಶ್ಚಿಮದಿಂದ ಆಳದಲ್ಲಿ ಬರುವ ತಣ್ಣನೆಯ ಪ್ರವಾಹ ದ್ವೀಪಕ್ಕೆ ಬಡಿದು ಮೇಲೇಳುವುದರಿಂದ ದಡದ ಪಕ್ಕದಲ್ಲೇ ಮೀನು ಧಾರಾಳ. ನೆಲದ ಮೇಲೆ ಅಟ್ಟಿಸಿಕೊಂಡು ಬರುವ ವೈರಿಗಳೂ ಇಲ್ಲದ ಕಡೆ ರೆಕ್ಕೆ ಕಿರಿದಾಗುತ್ತ ಬಂತು.

ಹದಿನೈದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗಂಡು ನೀರಿನಿಂದೆದ್ದು ಬಂತು, ಕೊಕ್ಕಿನಲ್ಲಿ ತೊಟ್ಟಿಕ್ಕುವ ಕಡಲಪಾಚಿಯ ಗೊಂಚಲು. ಹರಿದ ಕೊಡೆಯಂಥ ರೆಕ್ಕೆ ಅಗಲಿಸಿ, ತಡವರಿಸುತ್ತ ಬಂಡೆ ಹತ್ತಿ, ಗೂಡಿನಲ್ಲಿ ಕೂತ ಹೆಣ್ಣಿನ ಮುಂದೆ ಅದನ್ನು ಇಟ್ಟಿತು. ಹೆಣ್ಣು ಒಂದೊಂದೇ ಎಳೆ ಎತ್ತಿ ಗೂಡಿನ ಅಂಚಿಗೆ ಸಿಕ್ಕಿಸಿತು. ಎರಡರ ಕಣ್ಣೂ ತಿಳಿನೀಲಿ, ಹರಳಿನಂತೆ ಹೊಳೆಯುತ್ತಿದ್ದವು. ನನಗೆ ಉಸಿರು ಬಿಡಲೂ ಮನಸ್ಸಾಗಲಿಲ್ಲ.

ಹೊರಡಲು ಕರೆ ಬಂತು. ನಾನು ಎದ್ದು ನೋಡುವಷ್ಟರಲ್ಲಿ ಗಂಡು ಮತ್ತೆ ನೀರಿಗಿಳಿದಿತ್ತು.