ನಾಲ್ಕು ತಾರೀಖು, ಒಂದು ಕಾಗದದ ಸುರುಳಿ

“ಕತ್ತರಿ, ಗೋಂದು ಹಿಡ್ಕೊಂಡು ಕೂತ್ರೆ ಆಫೀಸು ಅಲ್ಲಾಡಲ್ಲ ಕಣೇ” ಅಂತ ಫೋನಿನಲ್ಲಿ ಹೇಳಿದವಳು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ನನ್ನ ಜೊತೆಗೇ ಓದಿದ ಗೆಳತಿ. ಇಲ್ಲಿನ ಸಹೋದ್ಯೋಗಿಗಳು ಅದೇ ಮಾತನ್ನು ಇನ್ನಷ್ಟು ನಯವಾಗಿ ಹೇಳಿದ್ದರು. ಆಟಿಸಂ ಇರುವ ಮಕ್ಕಳಿಗೆ ತಪಾಸಣೆ, ಥೆರಪಿ ಕೊಡಿಸುವ ಆಫೀಸು ಎಷ್ಟು ತಡ ಮಾಡುತ್ತಿದೆ ಅನ್ನುವುದನ್ನು ಕಾಗದದ ಪಟ್ಟಿಗಳಲ್ಲಿ ಅಳೆದು ತೋರಿಸಲು ಹೊರಟಿದ್ದೆ ನಾನು. ಆಫೀಸು ಅಲ್ಲಾಡಿತು. ಹೊರನಾಡಿನಲ್ಲಿ, ವಲಸೆ ಬಂದವರ ಮಕ್ಕಳ ಜೊತೆ ಕೆಲಸ ಮಾಡುವ ಕನ್ನಡದ ಸ್ಪೀಚ್ ಥೆರಪಿಸ್ಟ್‌ಗಳು ಈಗ ತುಂಬಾ ಜನ ಇದ್ದಾರೆ. ನಾನು ಸುಮ್ಮನೆ ಕಳೆದುಕೊಂಡ ಐದಾರು ವರ್ಷವನ್ನು ಅವರೂ ಕಳೆದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ. ಎಂ-ಚಾಟ್ (ಪುಟ್ಟ ಮಕ್ಕಳಲ್ಲಿ ಆಟಿಸಂ ಲಕ್ಷಣ ಗುರುತಿಸುವ ಪ್ರಶ್ನಾವಳಿ) ಅಂದರೇನು, ಐಇಪಿ (ಒಂದೊಂದು ಮಗುವಿಗೂ ಮಾಡುವ ವಿಶೇಷ ಶಿಕ್ಷಣದ ಯೋಜನೆ) ಅಂದರೇನು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ.

ನಾನು ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದದ್ದು 2006ರಲ್ಲಿ. ಸೀಡರ್-ರಿವರ್‌ಸೈಡ್‌ನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಸೋಮಾಲಿಯಾದ ಅಂತರ್ಯುದ್ಧ ತಪ್ಪಿಸಿಕೊಂಡು ಬಂದ ಮನೆಗಳೇ ಹೆಚ್ಚು. 2008ರಲ್ಲಿ ಅಲ್ಲಿನ ತಾಯಂದಿರು ಒಂದು ವಿಷಯ ಗಮನಿಸಿದರು: ಆಟಿಸಂ ಇರುವ ಪುಟ್ಟ ಮಕ್ಕಳ ವಿಶೇಷ ತರಗತಿಗೆ ಹೋಗಿ ನೋಡಿದರೆ ಅಲ್ಲಿ ತಮ್ಮವರ ಮಕ್ಕಳೇ ತುಂಬಿದ್ದಾರೆ. ಅವರ ಭಾಷೆಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಹುಚ್ಚು ಅನ್ನುವುದಕ್ಕೆ ‘ವಾಲಿ’ ಅನ್ನುವ ಪದ ಇತ್ತು, ಅದನ್ನು ಹೆತ್ತ ಮಗುವಿಗೆ ಹಚ್ಚಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಆದರೂ ಬಾಯಿಬಿಟ್ಟು ಕೇಳಿದರು. ರಾಜ್ಯದ ಆರೋಗ್ಯ ಇಲಾಖೆ 2009ರಲ್ಲಿ ವರದಿ ಕೊಟ್ಟಿತು. ವಿಶೇಷ ತರಗತಿಗಳಲ್ಲಿ ಸೋಮಾಲಿ ಮಕ್ಕಳ ಪ್ರಮಾಣ ಹೆಚ್ಚಿರುವುದು ನಿಜ ಎಂದಿತು, ಆದರೆ ಕಾಯಿಲೆಯೇ ಹೆಚ್ಚಿದೆಯೋ ಇಲ್ಲವೋ ಅನ್ನುವುದನ್ನು ಅದು ಹೇಳಲಿಲ್ಲ. 2013ರ ಕೊನೆಗೆ ಮಿನೆಸೋಟ ವಿಶ್ವವಿದ್ಯಾಲಯದ ಅಧ್ಯಯನ ಬಂತು: ಮಿನಿಯಾಪೊಲಿಸ್‌ನಲ್ಲಿ ಏಳರಿಂದ ಒಂಬತ್ತು ವರ್ಷದ ಸೋಮಾಲಿ ಮಕ್ಕಳಲ್ಲಿ 32ಕ್ಕೆ ಒಬ್ಬರು, ಬಿಳಿಯ ಮಕ್ಕಳಲ್ಲಿ 36ಕ್ಕೆ ಒಬ್ಬರು. ಅಂದರೆ ದೊಡ್ಡ ವ್ಯತ್ಯಾಸವೇ ಇಲ್ಲ. ಆದರೆ ಆಟಿಸಂ ಇರುವ ಸೋಮಾಲಿ ಮಕ್ಕಳಿಗೆ ಬುದ್ಧಿಶಕ್ತಿಯ ಕೊರತೆಯೂ ಜೊತೆಗಿರುವುದು ಉಳಿದವರಿಗಿಂತ ಬಹಳ ಹೆಚ್ಚು. ಸ್ಟಾಕ್‌ಹೋಮ್‌ನ ಸೋಮಾಲಿ ಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ ಅಂತ ಸ್ವೀಡನ್ನಿನ ಸಂಶೋಧಕರು 2008ರಲ್ಲೇ ಬರೆದಿದ್ದರು. ಯಾಕೆ ಅಂದರೆ ಯಾರ ಬಳಿಯೂ ಉತ್ತರವಿಲ್ಲ.

ಈ ‘ಯಾಕೆ’ಯಲ್ಲೇ ನಾನೂ ಆ ತಾಯಂದಿರೂ ಸಿಕ್ಕಿಹಾಕಿಕೊಂಡಿದ್ದೆವು.

ಆಫೀಸಿನ ಕಣ್ಣು ತೆರೆಸಲು ಮೊದಲು ಮಾಡಿದ್ದು ಸಹಿ ಸಂಗ್ರಹ. ನೂರಾ ನಲವತ್ತರ ಹತ್ತಿರ ಸಹಿ ಆಯಿತು. ಬಂದದ್ದು ಎರಡು ಸಾಲಿನ ವಂದನಾ ಪತ್ರ. ಆಮೇಲೆ ಸ್ಲೈಡು, ಗ್ರಾಫು. ಎದುರಿಗಿದ್ದ ಅಧಿಕಾರಿ “ನಿಮ್ಮ ಸ್ಯಾಂಪಲ್ ಎಷ್ಟು?” ಅಂತ ಒಂದೇ ಪ್ರಶ್ನೆ ಕೇಳಿದರು, ಸಭೆ ಅಲ್ಲಿಗೆ ಮುಗಿಯಿತು. ಮೂರನೆಯ ಸಲ ಒಬ್ಬ ತಾಯಿಯನ್ನು ಕರೆದುಕೊಂಡು ಹೋದೆವು. ಆಕೆ ಅತ್ತರು. ಮೇಜಿನ ಆ ಕಡೆಯಿಂದ ಟಿಶ್ಯೂ ಡಬ್ಬಿ ಈ ಕಡೆಗೆ ಬಂತು, ಬೇರೇನೂ ಬರಲಿಲ್ಲ. ಆಕೆಯ ಮಗನ ತಪಾಸಣೆಗೆ ಅದಾದ ಮೇಲೂ ಹನ್ನೊಂದು ತಿಂಗಳು ಹಿಡಿಯಿತು. ಒಬ್ಬ ತಾಯಿಯನ್ನು ಎಲ್ಲರೆದುರು ಅಳಿಸಿ ಬರಿಗೈಯಲ್ಲಿ ವಾಪಸು ಕರೆತಂದದ್ದು ನನಗೆ ಇವತ್ತಿಗೂ ನೋವು.

ನಾಲ್ಕನೆಯದು ದುಡ್ಡು ತಿಂದಿತು. ಪ್ರಶ್ನಾವಳಿಯನ್ನು ಸೋಮಾಲಿಗೆ ಅನುವಾದ ಮಾಡಿಸಲು ಮುನ್ನೂರು ಡಾಲರ್ ಕೊಟ್ಟೆ, ಜೆರಾಕ್ಸಿಗೆ ಇನ್ನೊಂದು ಅರವತ್ತು. ಎಂಬತ್ತು ಪ್ರತಿ ಹಂಚಿದರೆ ತುಂಬಿ ಬಂದದ್ದು ಒಂಬತ್ತು. ಸೋಮಾಲಿಗೆ ಅಧಿಕೃತ ಲಿಪಿ ಬಂದದ್ದೇ 1972ರಲ್ಲಿ. 1991ರಿಂದ ಯುದ್ಧ, ಶಾಲೆಗಳು ಮುಚ್ಚಿದವು. ಶಿಬಿರಗಳಲ್ಲಿ ಬೆಳೆದ ಎಷ್ಟೋ ತಾಯಂದಿರಿಗೆ ಓದು ಬರುವುದಿಲ್ಲ, ಆದರೆ ಮಾತು ಮತ್ತು ನೆನಪು ಎರಡೂ ಗಟ್ಟಿ. ನಾನು ಗಟ್ಟಿಯಾದದ್ದನ್ನು ಬಿಟ್ಟು ಇಲ್ಲದ್ದನ್ನು ಕೇಳಿದ್ದೆ.

2014ರ ಚಳಿಗಾಲದಲ್ಲಿ ಒಂದು ಸಂಜೆ, ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಏಲಕ್ಕಿ ಹಾಕಿದ ಚಹಾ ಕುಡಿಯುತ್ತಾ ಕೂತಿದ್ದಾಗ ಒಬ್ಬ ಹಿರಿಯ ತಾಯಿ ಹೇಳಿದರು: “ವಲಾಲ್, ಯಾಕೆ ಹೀಗಾಯ್ತು ಅಂತ ಅಲ್ಲಾಹನನ್ನ ಕೇಳ್ತೀನಿ. ಯಾಕೆ ಇಷ್ಟು ತಡ ಮಾಡಿದ್ರಿ ಅಂತ ಆಫೀಸನ್ನ ಕೇಳ್ತೀನಿ.” ವಲಾಲ್ ಅಂದರೆ ಒಡಹುಟ್ಟು, ಅಣ್ಣನಿಗೂ ಅದೇ, ಅಕ್ಕನಿಗೂ ಅದೇ. ನನ್ನ ಕೆಲಸದ ದಿಕ್ಕು ಬದಲಾದದ್ದು ಆ ಮಾತಿನಿಂದ. ಎಷ್ಟು ಮಕ್ಕಳಿಗಿದೆ, ಯಾಕಿದೆ ಅನ್ನುವುದಕ್ಕೆ ಯಾವ ಆಫೀಸೂ ಜವಾಬ್ದಾರಿ ಹೊರುವುದಿಲ್ಲ. ಎಷ್ಟು ದಿನ ಕಾಯಿಸಿದಿರಿ ಅನ್ನುವುದಕ್ಕೆ ಹೊರಲೇಬೇಕು. ಮೂರು ವರ್ಷದೊಳಗಿನ ಮಗುವಿನ ಬಗ್ಗೆ ಮೊದಲ ಕರೆ ಬಂದ 45 ದಿನದೊಳಗೆ ತಪಾಸಣೆ ಮುಗಿಸಿ ಯೋಜನೆಯ ಸಭೆ ಕರೆಯಬೇಕು ಅನ್ನುವುದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು.

ಹಾಗಾಗಿ ಪ್ರತಿ ಮಗುವಿಗೆ ನಾಲ್ಕೇ ನಾಲ್ಕು ತಾರೀಖು. ಅಮ್ಮನಿಗೆ ಮೊದಲು ಅನುಮಾನ ಬಂದದ್ದು ಯಾವಾಗ, ಡಾಕ್ಟರಿಗೋ ಆಫೀಸಿಗೋ ಮೊದಲು ಹೇಳಿದ್ದು ಯಾವಾಗ, ತಪಾಸಣೆ ಆದದ್ದು ಯಾವಾಗ, ಥೆರಪಿ ಶುರುವಾದದ್ದು ಯಾವಾಗ. ಐದನೆಯ ಪ್ರಶ್ನೆ ಕೇಳಲಿಲ್ಲ. ಕೇಳಿ ಅಂತ ಎಲ್ಲರೂ ಹೇಳಿದರು, ನಾನು ಹಟ ಬಿಡಲಿಲ್ಲ, ಒಳ್ಳೆಯದಾಯಿತು.

ಕೊನೆಯ ಎರಡು ತಾರೀಖು ಕಾಗದದಲ್ಲೇ ಸಿಗುತ್ತವೆ. ಮೊದಲ ಎರಡಕ್ಕೆ ಪರದಾಡಿದೆ. ಇಲ್ಲಿನ ನಿರಾಶ್ರಿತರಲ್ಲಿ ಬಹಳ ಜನರ ಕಾರ್ಡಿನಲ್ಲಿ ಹುಟ್ಟಿದ ದಿನವೇ ಜನವರಿ 1, ಯಾಕೆಂದರೆ ನಿಜವಾದದ್ದನ್ನು ಬರೆದಿಟ್ಟವರಿಲ್ಲ. ಅವರನ್ನು ಹಿಡಿದು “ಯಾವ ತಿಂಗಳು?” ಅಂದರೆ ಏನು ಹೇಳಬೇಕು? ನನ್ನ ಅಜ್ಜಿಗೂ ತಾರೀಖು ಗೊತ್ತಿರಲಿಲ್ಲ, ‘ತೇರಿನ ಹಿಂದಿನ ವಾರ’, ‘ಗೌರಿ ಹಬ್ಬ ಕಳೆದು ನಾಲ್ಕು ದಿನಕ್ಕೆ’ ಅನ್ನುತ್ತಿದ್ದರು, ಒಂದು ದಿನವೂ ತಪ್ಪುತ್ತಿರಲಿಲ್ಲ. ಹಾಗಾಗಿ ಒಂದು ಉದ್ದನೆಯ ಕ್ಯಾಲೆಂಡರ್ ಬರೆದೆ. 2010ರ ರಂಜಾನ್ ಶುರು ಆಗಸ್ಟ್ 11ರ ಸುಮಾರಿಗೆ, 2012ರದ್ದು ಜುಲೈ 20ರ ಸುಮಾರಿಗೆ, 2014ರದ್ದು ಜೂನ್ ಕೊನೆಗೆ. ಜೊತೆಗೆ ಎರಡು ಈದ್, ಮೊದಲ ಹಿಮ ಬಿದ್ದ ವಾರ, ಮನೆ ಬದಲಿಸಿದ ತಿಂಗಳು. ಆಮೇಲೆ ನೋಡಿ! “ಆ ರಂಜಾನ್‌ನಲ್ಲಿ ಉಪವಾಸ ಬಿಡೋ ಹೊತ್ತಿಗೆ ಲೋಟ ತೋರಿಸಿ ‘ಬಿಯೋ’, ನೀರು, ಅಂತಿದ್ದ. ಹಿಮ ಬೀಳೋ ಹೊತ್ತಿಗೆ ನೀರು ಬೇಕಂದ್ರೆ ನನ್ನ ಕೈ ಹಿಡಿದು ನಲ್ಲಿ ಹತ್ರ ಎಳ್ಕೊಂಡು ಹೋಗ್ತಿದ್ದ, ಮಾತಿರಲಿಲ್ಲ.” ಬಂದ ಮಾತು ಹೋದದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕೇಸ್ ಹಿಸ್ಟರಿಯಲ್ಲೂ ನಾನು ಓದಿಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಸೋಮಾಲಿಯಲ್ಲಿ ‘ಹೋಯೊ’ ಅಂದರೆ ಅಮ್ಮ. ಆದರೆ ಅಮ್ಮಂದಿರು ಮಗುವನ್ನು ಕರೆಯುವುದೂ ‘ಹೋಯೊ’ ಅಂತಲೇ. ಒಂದು ಮಗುವಿನ ಫೈಲಿನಲ್ಲಿ “ಅಮ್ಮ ಎಂದು ಕರೆಯುತ್ತಾನೆ” ಅಂತ ತಪಾಸಣೆ ಮಾಡಿದವರು ಸಾಮಾಜಿಕ ಮಾತಿನ ಲೆಕ್ಕಕ್ಕೆ ಬರೆದುಕೊಂಡಿದ್ದರು. ನಾನು ಕೂತು ನೋಡಿದೆ. ತಾಯಿ ಅಡುಗೆಮನೆಯಿಂದ “ಹೋಯೊ!” ಅಂದರು. ಮಗು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅದೇ ರಾಗದಲ್ಲಿ “ಹೋಯೊ” ಅಂದಿತು. ಕರೆದದ್ದಲ್ಲ, ಕೇಳಿದ್ದನ್ನೇ ವಾಪಸು ಹೇಳಿದ್ದು. ನನ್ನ ಮಗಳನ್ನು ದಿನಕ್ಕೆ ನೂರು ಸಲ “ಬಾರಮ್ಮ”, “ತಿನ್ನಮ್ಮ” ಅನ್ನುವ ನನಗೆ ಅದು ತಕ್ಷಣ ಹೊಳೆಯಿತು. ನಮ್ಮ ಸಹೋದ್ಯೋಗಿಗಳಿಗೆ ಹತ್ತು ವರ್ಷವಾದರೂ ಹೊಳೆದಿರಲಿಲ್ಲ. ಆ ಮಗುವಿನ ಅಂಕ ಬದಲಾಯಿತು, ಅರ್ಹತೆಯೂ ಸಿಕ್ಕಿತು. ನನ್ನ ವೃತ್ತಿಯಲ್ಲಿ ನಾನು ಹೆಮ್ಮೆಪಡುವ ಕೆಲಸಗಳಲ್ಲಿ ಇದೂ ಒಂದು.

ಈಗ ಸುರುಳಿಯ ವಿಷಯ. ಒಂದು ತಿಂಗಳಿಗೆ ಒಂದು ಇಂಚು. ಅಮ್ಮನಿಗೆ ಅನುಮಾನ ಬಂದ ದಿನದಿಂದ ಥೆರಪಿ ಶುರುವಾದ ದಿನದವರೆಗೆ ಎಷ್ಟು ತಿಂಗಳೋ ಅಷ್ಟು ಇಂಚಿನ ಕಾಗದದ ಪಟ್ಟಿ. ನಾಲ್ಕು ತಾರೀಖಿಗೂ ಅದರದರ ಜಾಗದಲ್ಲಿ ಒಂದೊಂದು ಗೆರೆ. ಹೆಸರಿಲ್ಲ, ಅದರ ಬದಲು ಮೂಲೆಯಲ್ಲಿ ಒಂದು ಗುರುತು ಮಾತ್ರ, ಆ ಗುರುತನ್ನು ತಾಯಿಯೇ ಹಾಕಿದ್ದು. ಅಂಗಡಿ ಇಟ್ಟಿದ್ದ ಒಬ್ಬ ತಂದೆ ಬಿಲ್ ಮೆಷಿನ್ನಿನ ರೋಲ್ ಪುಕ್ಕಟೆ ಕೊಟ್ಟರು. ಹದಿನಾರು ಮಕ್ಕಳ ಪಟ್ಟಿ ಕತ್ತರಿಸಿ, ಬರೆದು, ರಾತ್ರಿ ಮನೆಯ ಹೀಟರ್ ಮೇಲೆ ಚೀಲದಲ್ಲಿಟ್ಟೆ. ಬೆಳಿಗ್ಗೆ ಎಲ್ಲವೂ ಕಪ್ಪು. ಅದು ಬಿಸಿಗೆ ಕಪ್ಪಾಗುವ ಕಾಗದ ಅನ್ನುವುದು ನೆನಪಿಗೇ ಬಂದಿರಲಿಲ್ಲ. ಮೂರು ವಾರದ ಕೆಲಸ ಹೋಯಿತು, ಪುಣ್ಯಕ್ಕೆ ತಾರೀಖುಗಳು ನೋಟ್‌ಬುಕ್ಕಿನಲ್ಲಿದ್ದವು. ಲೆಕ್ಕದ ಮೆಷಿನ್ನಿಗೆ ಹಾಕುವ ಸಾದಾ ಕಾಗದದ ರೋಲ್ ಕೊಳ್ಳಿ. ಆಗ ಆರು ರೋಲಿಗೆ ಹತ್ತು ಹನ್ನೆರಡು ಡಾಲರ್ ಇತ್ತು.

ಖರ್ಚನ್ನು ಕೇಳುವವರಿಗೆ: ಅನುವಾದ ಸೇರಿಸಿ ಆ ಎರಡು ವರ್ಷದಲ್ಲಿ ನನ್ನ ಕೈಯಿಂದ ಹೋದದ್ದು ಸಾವಿರದ ಇನ್ನೂರು ಡಾಲರ್ ಇರಬಹುದು. ಅದರಲ್ಲಿ ಹೆಚ್ಚು ತಿಂದದ್ದು ಇಂಟರ್‌ಪ್ರಿಟರ್, ಗಂಟೆಗೆ ಐವತ್ತರ ಮೇಲೆ. ಕಾಲೇಜಿಗೆ ಹೋಗುವ ಇಬ್ಬರು ಸೋಮಾಲಿ ಹುಡುಗಿಯರು ಬಂದ ಮೇಲೆ ಆ ಖರ್ಚು ಅರ್ಧಕ್ಕಿಳಿಯಿತು, ಮಾತಿನ ಅರ್ಥವೂ ಹೆಚ್ಚು ನಿಖರವಾಯಿತು. ಆದರೆ ನಿಜವಾದ ಖರ್ಚು ಅವರದ್ದು. ತಾಯಂದಿರು ಹೋಂ ಹೆಲ್ತ್ ಕೆಲಸದವರು (ಮನೆಗಳಿಗೆ ಹೋಗಿ ರೋಗಿಗಳ ಆರೈಕೆ ಮಾಡುವವರು), ಒಂದು ಸಭೆಗೆ ಬಂದರೆ ಒಂದು ಶಿಫ್ಟಿನ ಕೂಲಿ ಹೋಯಿತು. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುವ ತಂದೆಯರಿಗೆ ಬೆಳಗಿನ ಬಾಡಿಗೆ ಹೋಯಿತು, ಮೇಲೆ ಡೌನ್‌ಟೌನ್ ಪಾರ್ಕಿಂಗಿಗೆ ಹದಿನಾಲ್ಕು ಡಾಲರ್. ಸಭೆಯನ್ನು ಅವರ ಹಾಲ್‌ಗೇ ತರಬೇಕು ಅಂತ ನಾನು ಪಟ್ಟು ಹಿಡಿದದ್ದು ಇದಕ್ಕೇ. ಅಧಿಕಾರಿಗಳನ್ನು ಅಲ್ಲಿಗೆ ಹೇಗೆ ಬರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಬಳಸುತ್ತಿರುವ ದಾರಿ ಅದು.

ಬಂದವರು ನಾಲ್ಕು ಜನ. ಉದ್ದನೆಯ ಮೇಜು, ಮೇಲೆ ಬಿಳಿ ಬಟ್ಟೆ. ಇಪ್ಪತ್ತೊಂದು ತಾಯಂದಿರು ಒಬ್ಬೊಬ್ಬರಾಗಿ ಬಂದು ತಮ್ಮ ಪಟ್ಟಿಯನ್ನು ತಾವೇ ಹಾಸಿದರು. ಯಾವ ಪಟ್ಟಿ ಮೊದಲು, ಯಾವುದು ಕೊನೆಗೆ ಅನ್ನುವುದಕ್ಕೂ ಒಂದು ಲೆಕ್ಕವಿದೆ, ಅದನ್ನು ಬೇಕಾದವರಿಗೆ ಎದುರಿಗೆ ಕೂರಿಸಿ ಹೇಳುತ್ತೇನೆ. ಸರಾಸರಿ ಇಪ್ಪತ್ತೆರಡು ಇಂಚಿನ ಹತ್ತಿರ. ಅತಿ ಉದ್ದದ್ದು ಮೂವತ್ತನಾಲ್ಕು, ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿತ್ತು. ಒಬ್ಬ ಅಧಿಕಾರಿ ಅದನ್ನು ಕೈಯಲ್ಲಿ ಹಿಡಿದು ಎರಡನೆಯ ಗೆರೆಯಿಂದ ಮೂರನೆಯ ಗೆರೆಗೆ ಬೆರಳು ಎಳೆದರು. ಮೊದಲ ಫೋನಿನಿಂದ ತಪಾಸಣೆವರೆಗಿನ ಆ ತುಂಡೇ ಹತ್ತೊಂಬತ್ತು ಇಂಚು. “ಇದು ನಮ್ಮದು” ಅಂದರು, ಮೆಲ್ಲಗೆ. ಸ್ಯಾಂಪಲ್ ಎಷ್ಟು ಅಂತ ಯಾರೂ ಕೇಳಲಿಲ್ಲ. ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ರೋಗನಿರ್ಣಯದ ಸರಾಸರಿ ವಯಸ್ಸು ಸುಮಾರು ಐದು ವರ್ಷ ಅಂತ ಇತ್ತಲ್ಲ, ಅದನ್ನು ಅವರು ಓದಿದ್ದರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿಗೆ ತಿಳಿದಿತ್ತು ಅನ್ನುವುದು ಆ ವರದಿಯಲ್ಲಿ ಇರಲಿಲ್ಲ, ನಮ್ಮ ಮೇಜಿನ ಮೇಲಿತ್ತು.

ಸಿಕ್ಕಿದ್ದೇನು? ಮೊದಲ ಕರೆ ತೆಗೆದುಕೊಳ್ಳಲು ಸೋಮಾಲಿ ಬಲ್ಲ ಒಬ್ಬರ ನೇಮಕ, ಶುರುವಿನಲ್ಲಿ ಅರೆಕಾಲಿಕ, ಆಮೇಲೆ ಪೂರ್ಣ. ದಿನ ಎಣಿಸುವುದು ಫೈಲು ಪೂರ್ತಿಯಾದ ಮೇಲಲ್ಲ, ಮೊದಲ ಫೋನಿನಿಂದ. ಮುಂದಿನ ವರ್ಷ ಬಂದ ಹೊಸ ಮಕ್ಕಳ ಪಟ್ಟಿ ಎಂಟು ಒಂಬತ್ತು ಇಂಚಿಗೆ ಇಳಿಯಿತು. ಇನ್ನೂ ಜಾಸ್ತಿಯೇ, ಆದರೆ ಎರಡು ವರ್ಷದ ಮಗುವಿಗೆ ಉಳಿದ ಆ ಹದಿಮೂರು ತಿಂಗಳು ಅಂದರೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ತಡ ಅಂದರೆ ಬರೀ ಥೆರಪಿ ತಡ ಅಲ್ಲ. ಉತ್ತರ ಸಿಗದ ತಾಯಂದಿರ ಹತ್ತಿರ ಬೇರೆಯವರು ಉತ್ತರ ಹಿಡಿದುಕೊಂಡು ಬಂದರು. ಎಂಎಂಆರ್ ಲಸಿಕೆಗೂ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವಂಥದ್ದು) ಆಟಿಸಂಗೂ ನಂಟಿರಬಹುದು ಅಂದ 1998ರ ಲೇಖನವನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಬರೆದ ಆಂಡ್ರ್ಯೂ ವೇಕ್‌ಫೀಲ್ಡ್ ಬ್ರಿಟನ್ನಿನಲ್ಲಿ ವೈದ್ಯ ಪದವಿಯ ನೋಂದಣಿ ಕಳೆದುಕೊಂಡ ಮೇಲೂ ಮಿನಿಯಾಪೊಲಿಸ್‌ಗೆ ಬಂದು ಈ ತಾಯಂದಿರನ್ನು ಭೇಟಿಯಾದರು. 2004ರಲ್ಲಿ ಸೋಮಾಲಿ ಮಕ್ಕಳಲ್ಲಿ ನೂರಕ್ಕೆ 92ರಷ್ಟಿದ್ದ ಎಂಎಂಆರ್ ಲಸಿಕೆ 2014ಕ್ಕೆ 42ಕ್ಕೆ ಬಿತ್ತು. 2017ರ ದಡಾರದಲ್ಲಿ ರಾಜ್ಯದಲ್ಲಿ 75 ಜನರಿಗೆ ತಗುಲಿತು, ಬಹುಪಾಲು ಸೋಮಾಲಿ ಮಕ್ಕಳು. ಲಸಿಕೆಯಿಂದ ಆಟಿಸಂ ಬರುವುದಿಲ್ಲ. ಅದನ್ನು ನಾನು ಎಷ್ಟು ಮನೆಯಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಮಗುವಿಗೆ ಥೆರಪಿ ಶುರುವಾದ ಮನೆಯಲ್ಲಿ ಆ ಮಾತು ಕಿವಿಗೆ ಬೀಳುತ್ತದೆ, ಕಾಯುತ್ತಾ ಕೂತ ಮನೆಯಲ್ಲಿ ಬೀಳುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ನಡುವೆ, ಮಾತು ಬಾರದ ಮಕ್ಕಳು ಬೇಕಾದ್ದನ್ನು ಕೇಳಲು ಕೊಡುವ ಚಿತ್ರದ ಕಾರ್ಡುಗಳ ಪ್ರಯೋಗವೂ ನಡೆಯಿತು. ಸಿಕ್ಕುವ ಕಾರ್ಡುಗಳಲ್ಲೆಲ್ಲ ಸ್ಯಾಂಡ್‌ವಿಚ್, ಪೈ. ನಾನು ‘ಅಂಜೇರೊ’ದ ಫೋಟೋ ತೆಗೆದು ಹಾಕಿದೆ. ನಮ್ಮ ಸೆಟ್ ದೋಸೆಯ ತಂಗಿ ಅನ್ನಿ, ಹುಳಿ ಬರಿಸಿದ ಹಿಟ್ಟು, ಮೈತುಂಬ ತೂತು. ಐದು ಮಕ್ಕಳಲ್ಲಿ ಮೂವರು ವಾರದೊಳಗೆ ಕಾರ್ಡು ಕೊಟ್ಟು ಕೇಳತೊಡಗಿದರು. ಉಳಿದವರಲ್ಲಿ ಒಬ್ಬ ಮುಟ್ಟಲೇ ಇಲ್ಲ. ಅವನ ಮನೆಯ ತಟ್ಟೆ ಬಿಳಿ, ನನ್ನ ಫೋಟೋದ ತಟ್ಟೆ ನೀಲಿ. ಅವನ ಅಮ್ಮ ತಮ್ಮ ತಟ್ಟೆಯಲ್ಲಿಟ್ಟು ಫೋಟೋ ಕಳಿಸಿದರು, ಮರುದಿನವೇ ಕೈಗೆತ್ತಿಕೊಂಡ.

ಹೋದ ತಿಂಗಳು ಒಬ್ಬ ಹೊಸ ತಾಯಿ ಬಂದರು. ಮಗಳಿಗೆ ಇಪ್ಪತ್ತು ತಿಂಗಳು, ಹೆಸರು ಕರೆದರೆ ತಿರುಗುವುದಿಲ್ಲ. ಅವರನ್ನು ಕರೆತಂದವರು ಆ ಮೂವತ್ತನಾಲ್ಕು ಇಂಚಿನ ಪಟ್ಟಿಯ ತಾಯಿ. ನಾನು ರೋಲ್ ಹುಡುಕುವ ಮೊದಲೇ ಅವರು ಫೋನ್ ತೆಗೆದು ಆಫೀಸಿನ ನಂಬರ್ ಒತ್ತಿ ಹೊಸ ತಾಯಿಯ ಕೈಗಿಟ್ಟರು. ಆ ಕಡೆಯಿಂದ ಸೋಮಾಲಿಯಲ್ಲೇ ಸಲಾಂ ಕೇಳಿಸಿತು. ಅವರು ಮಾತಾಡುತ್ತಿರುವಾಗ ಇವರು ನನ್ನ ನೋಟ್‌ಬುಕ್ ಎಳೆದುಕೊಂಡು ಎರಡನೆಯ ಖಾನೆಯಲ್ಲಿ ಅವತ್ತಿನ ತಾರೀಖು ಬರೆದರು.