ಪಾಠದ ನಡುವೆ ಒಂದು ಪ್ರಶ್ನೆ, ಎರಡು ಸಲ ಮತ

ವಿದ್ಯಾರ್ಥಿ ಕೇಂದ್ರಿತ ಕಲಿಕೆ ಅಂದ ಕೂಡಲೇ ಇಡೀ ಸಿಲಬಸ್ ಬದಲಿಸಬೇಕಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ವಿಧಾನ ದೊಡ್ಡ ತರಗತಿಗೂ ಒಗ್ಗುತ್ತದೆ. ಹತ್ತು ನಿಮಿಷ ಪಾಠ, ಆಮೇಲೆ ನಾಲ್ಕು ಆಯ್ಕೆಯ ಒಂದೇ ಪ್ರಶ್ನೆ. ಲೆಕ್ಕ ಮಾಡಿಸುವಂಥದ್ದು ಬೇಡ, ಪರಿಕಲ್ಪನೆ ಕೆದಕುವಂಥದ್ದಿರಲಿ. ತಪ್ಪು ಆಯ್ಕೆಗಳನ್ನು ಹಳೇ ಉತ್ತರಪತ್ರಿಕೆಗಳಿಂದಲೇ ಹೆಕ್ಕಿ. ಅಷ್ಟು ಒಳ್ಳೆಯ ತಪ್ಪುಗಳು ನಮಗೆ ಹೊಳೆಯುವುದಿಲ್ಲ!

ಎರಡು ನಿಮಿಷ ಮೌನವಾಗಿ ಯೋಚಿಸಿ, ಎಲ್ಲರೂ ಒಟ್ಟಿಗೆ ಉತ್ತರದ ಚೀಟಿಯನ್ನು ಎದೆಗೊತ್ತಿ ತೋರಿಸಲಿ. ಸರಿಯುತ್ತರ ಶೇ. 30ರಿಂದ 70ರಷ್ಟಿದ್ದರೆ ಪಕ್ಕದವರೊಡನೆ ಚರ್ಚೆ, ಮತ್ತೆ ಮತ. ಅದಕ್ಕಿಂತ ಕಡಿಮೆಯಿದ್ದರೆ ನೀವೇ ಇನ್ನೊಮ್ಮೆ ವಿವರಿಸಿ. ಹೆಚ್ಚಿದ್ದರೆ ಮುಂದೆ ಸಾಗಿ.

ಹಲವರು ಎಡವುವುದು ಮೊದಲ ಮತದ ಲೆಕ್ಕವನ್ನು ಆಗಲೇ ಹೇಳಿಬಿಟ್ಟು. ಆಮೇಲೆ ಎಲ್ಲರೂ ಬಹುಮತದ ಕಡೆಗೇ ವಾಲುತ್ತಾರೆ, ವಾದವೇ ಹುಟ್ಟುವುದಿಲ್ಲ.