ತೋಟಕ್ಕೆ ರೋಟವೇಟರ್ ಇಳಿಸದೆ ಆರು ವರ್ಷ: ನನ್ನ ಅನುಭವ

ಈ ಸಲ ಮರಕ್ಕೆ ಸರಾಸರಿ ತೊಂಬತ್ತರ ಹತ್ತಿರ ಕಾಯಿ ಸಿಕ್ಕಿದೆ. ತಿಪಟೂರು ಕಡೆಯ ಕೆಂಪು ಮಣ್ಣು, ನಾಲ್ಕು ಎಕರೆ, 190 ತೆಂಗು. 2017ರಲ್ಲಿ ಅರವತ್ತು ದಾಟುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡಿ ಕಲಸೋ ರೋಟವೇಟರ್ ಬಿಟ್ಟು, ಮರಗಳ ನಡುವೆ ಹಸಿರೆಲೆ ಗೊಬ್ಬರದ ಗಿಡ ಬೆಳೆಸಿ, ಕತ್ತರಿಸಿ ಅಲ್ಲೇ ಹಾಕಿದ್ದರ ಫಲ ಇದು. ಕಸ ಬೆಳೆಸ್ತಾನೆ ಅಂತ ನಕ್ಕವರೇ ಈಗ ಬೀಜ ಕೇಳಿಕೊಂಡು ಬರುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಮೊದಲು ಹಾಳು ಮಾಡಿಕೊಂಡ ಕಥೆ. 2017ರಲ್ಲಿ ತೆಂಗಿನ ನಾರಿನ ಪುಡಿ ಪುಕ್ಕಟೆ ಸಿಕ್ಕಿತು. ಎಂಟೋ ಒಂಬತ್ತೋ ಲೋಡು ತಂದು ಹರಡಿ, ರೋಟವೇಟರ್ ಹೊಡೆಸಿದೆ. ಬಾಡಿಗೆಗೇ ಹನ್ನೆರಡು ಸಾವಿರ ಹೋಗಿರಬೇಕು. ಎರಡು ತಿಂಗಳಿಗೆ ಹೊಸ ಸಸಿಗಳ ಕೆಳಗರಿಗಳೆಲ್ಲ ಹಳದಿ. ನಾರಿನ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರು ಪಾಲಿಗೂ ಜಾಸ್ತಿ ಇಂಗಾಲ. ಅದನ್ನು ತಿನ್ನೋಕೆ ಕೂತ ಸೂಕ್ಷ್ಮಜೀವಿಗಳು ಮಣ್ಣಲ್ಲಿದ್ದ ಸಾರಜನಕವನ್ನೂ ಎಳೆದುಕೊಂಡವು, ಸಸಿ ಉಪವಾಸ. ಗಾಬರಿಯಾಗಿ ಯೂರಿಯಾ ಎರಚಿದೆ, ಅದೂ ಹಸಿ ನೆಲ, ಉರಿಬಿಸಿಲು. ಸಂಜೆ ತೋಟಕ್ಕೆ ಹೋದರೆ ಮೂಗಿಗೆ ಘಾಟು. ಯೂರಿಯಾ ಅಮೋನಿಯಾ ಆಗಿ, ದುಡ್ಡು ಗಾಳಿಗೆ ಹೋಗ್ತಾ ಇದ್ದ ವಾಸನೆ ಅದು.

ಮುಂದಿನ ವರ್ಷ ರೋಟವೇಟರ್ ನಿಲ್ಲಿಸಿ, ರೋಹಿಣಿ ಮಳೆಗೆ ಹಸಿರೆಲೆ ಗೊಬ್ಬರಕ್ಕೆ ಅಂತ ಅಪ್ಸೆಣಬು, ಅಲಸಂದೆ ಬೀಜ ಎರಚಿದೆ. ಚೆನ್ನಾಗಿ ಬಂತು. ಇನ್ನೂ ಬೆಳೆಯಲಿ, ಸೊಪ್ಪು ಜಾಸ್ತಿ ಆಗಲಿ ಅಂತ ಆಸೆಬಿದ್ದು ಎಂಬತ್ತು ದಿನ ಬಿಟ್ಟೆ. ಸೊಪ್ಪಿದ್ದದ್ದು ಸೌದೆಯಾಯ್ತು. ಇದ್ದ ಸಾರವೆಲ್ಲ ಆ ಗಿಡಗಳ ಕಾಯಿಗೆ ಏರಿತ್ತು, ಕಡ್ಡಿ ಮುಂದಿನ ಯುಗಾದಿಗೂ ಕೊಳೆತಿರಲಿಲ್ಲ. ಈಗ ಹೂ ಬರೋ ಹೊತ್ತಿಗೆ, ಅಂದರೆ 45-50 ದಿನಕ್ಕೆ, ಬ್ರಷ್ ಕಟರ್ ಹಿಡಿಯುತ್ತೇನೆ. ಕತ್ತರಿಸಿ ಅಲ್ಲೇ ಮಲಗಿಸೋದು. ಮಣ್ಣಿಗೆ ಸೇರಿಸೋದಿಲ್ಲ.

ಕತ್ತರಿಸೋ ಮುಂಚೆ ಒಂದು ಪರೀಕ್ಷೆ. ಗಿಡವನ್ನು ಸನಿಕೆಯಲ್ಲಿ ಮಣ್ಣು ಸಮೇತ ಎತ್ತಿ, ಬೇರಿನ ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ಎಳೆ ಮಾಂಸದ ಹಾಗೆ ಕೆಂಪಗಿದ್ದರೆ ಗಾಳಿಯ ಸಾರಜನಕ ಹಿಡಿಯೋ ಕೆಲಸ ನಡೀತಿದೆ. ಮೂರನೇ ವರ್ಷ ನನ್ನವು ಬಿಳಿಯಾಗಿದ್ದವು. ಆ ಗಂಟು ಕಟ್ಟಿಸೋ ಬ್ಯಾಕ್ಟೀರಿಯಾ, ಅಂದರೆ ರೈಜೋಬಿಯಂ ಪೊಟ್ಟಣವನ್ನು ತಗಡಿನ ಶೆಡ್ಡಿನಲ್ಲಿ ಹದಿನೈದು ದಿನ ಇಟ್ಟಿದ್ದೆ, ಬಿಸಿಗೆ ಸತ್ತಿತ್ತು. ಆಮೇಲೆ ಪೊಟ್ಟಣ ಮಣ್ಣಿನ ಮಡಕೆಗೆ ಹೋಯ್ತು. ಅದನ್ನು ಬೆಲ್ಲದ ನೀರಲ್ಲಿ ಕಲಸಿ, ಬಿತ್ತೋ ಮುಂಚೆ ಬೀಜಕ್ಕೆ ಸವರೋದು.

ಎಲ್ಲ ಸಾಲನ್ನೂ ಒಂದೇ ದಿನ ಕತ್ತರಿಸಬೇಡಿ. ಹಾಗೆ ಮಾಡಿದ ವರ್ಷ ಹಿಂದೆಯೇ ಜಡಿಮಳೆ ಹಿಡೀತು. ಕೊಳೆತು ಬಿಟ್ಟುಕೊಟ್ಟ ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಬೇರಿನಿಂದ ಕೆಳಗೆ ಇಳಿದುಹೋಯ್ತು. ಈಗ ಸಾಲು ಬಿಟ್ಟು ಸಾಲು, ಹದಿನೈದು ದಿನದ ಅಂತರ. ನಿಂತಿರೋ ಸಾಲು ಇಳಿಯೋದನ್ನು ಹಿಡಿಯುತ್ತದೆ.

"ಏನಪ್ಪಾ, ತೋಟದಲ್ಲಿ ಗೆದ್ದಲು ಸಾಕ್ತಾ ಇದ್ದೀಯಾ?" ಅಂತ ಚಿಕ್ಕಪ್ಪ ದಿನಾ ಕೇಳೋರು. ಗೆದ್ದಲು ಬಂತು ನಿಜ, ಒಣಕಡ್ಡಿ ತಿಂದು ಸುಮ್ನಾಯ್ತು. ಸೊಪ್ಪು ಎತ್ತಿ ನೋಡಿದರೆ ಅಡಿಯಲ್ಲಿ ಬಿಳಿ ಎಳೆ, ಅದರ ಮಧ್ಯೆ ತೆಂಗಿನ ಸಣ್ಣ ಬೇರು ಮೇಲಕ್ಕೆ ಬಂದಿತ್ತು. ಆ ಎಳೆ ಸೊಪ್ಪು ಕೊಳೆಸೋ ಶಿಲೀಂಧ್ರದ್ದು. ಬೇರಿನ ಜೊತೆ ಬಾಳೋ ಮೈಕೊರೈಜಾ ಬೇರೆ, ಅದು ಬರಿಗಣ್ಣಿಗೆ ಕಾಣಲ್ಲ. ನಾನೂ ಎರಡೂ ಒಂದೇ ಅಂತ ಊರೆಲ್ಲ ಹೇಳಿಕೊಂಡು ಓಡಾಡಿದ್ದೆ! ರೋಟವೇಟರ್ ಎರಡನ್ನೂ ಹರಿಯುತ್ತದೆ, ಬೇರನ್ನೂ ಸೇರಿಸಿ.

ನಡುವೆ ಇನ್ನೊಂದು ಕಂಡೆ. ತಿಪ್ಪೆ ಕೆದಕುವಾಗ ಸಿಕ್ಕಿದ ಗೊಣ್ಣೆಹುಳಗಳಲ್ಲಿ ಕೆಲವು ಸತ್ತು, ಮೈಮೇಲೆ ಹಸಿರು ಬೂಷ್ಟು ಹಿಡಿದಿತ್ತು. ಹುಳ ಕೊಲ್ಲೋ ಶಿಲೀಂಧ್ರ ಮೆಟರೈಜಿಯಂ ಅದು. ಆ ಹುಳಗಳನ್ನೇ ಅರೆದು ನೀರಿಗೆ ಹಾಕಿ ಉಳಿದ ತಿಪ್ಪೆಗೆ ಚಿಮುಕಿಸಿದೆ. ಈ ಹುಳವೇ ಬೆಳೆದು ತೆಂಗಿನ ಸುಳಿ ಕೊರೆಯೋ ದುಂಬಿ ಆಗೋದು. ದುಂಬಿ ಕಮ್ಮಿಯಾದ ಹಾಗಿದೆ, ಆದರೆ ಲೆಕ್ಕ ಇಟ್ಟಿಲ್ಲ.

ದುಡ್ಡಿನ ವಿಷಯ. ಯೂರಿಯಾ ಉಳಿಸಿ ಸಾಹುಕಾರನಾದೆ ಅಂದರೆ ಯಾರೂ ನಂಬಬೇಡಿ. ಮರಕ್ಕೆ ಅರ್ಧ ಕೆಜಿ ಸಾರಜನಕ ಅಂದರೂ ವರ್ಷಕ್ಕೆ ಐದು ಮೂಟೆ, ಸಾವಿರದ ನಾನೂರು ರೂಪಾಯಿ ಒಳಗೆ. ನಿಜಕ್ಕೂ ಉಳಿತಾಯ ಆದದ್ದು ರೋಟವೇಟರ್ ಬಾಡಿಗೆ, ವರ್ಷಕ್ಕೆ ಹದಿಮೂರು ಸಾವಿರ. ಕೊಟ್ಟಿಗೆ ಗೊಬ್ಬರ ಐದು ಲೋಡಿಂದ ಎರಡಕ್ಕೆ ಇಳೀತು, ಅಲ್ಲೂ ಅಷ್ಟೇ ಉಳೀತು. ಬೀಜ, ಪೆಟ್ರೋಲು, ಕೂಲಿಗೆ ಹನ್ನೆರಡು ಸಾವಿರ ಕಳೆಯಿರಿ. ಆದರೆ ಮೊದಲ ಮೂರು ವರ್ಷ ಕಾಯಿ ಒಂದೂ ಏರಲಿಲ್ಲ. ತೆಂಗಿಗೆ ಇವತ್ತು ಹಾಕಿದ್ದು ಗೊನೆಯಲ್ಲಿ ಕಾಣಲು ಅಷ್ಟು ಕಾಲ ಬೇಕು, ಸುಳಿಯೊಳಗೆ ಹೊಂಬಾಳೆ ಮೂಡಿ ಹೊರಬರಲೇ ಎರಡೂವರೆ ವರ್ಷ ಹಿಡಿಯುತ್ತದೆ. ಮನೆಯಲ್ಲಿ ಬೈಸಿಕೊಂಡದ್ದು ಆ ಮೂರು ವರ್ಷವೇ.

ಈ ಸಲ ಬೇಲಿ ಪಕ್ಕದ ಎರಡು ಸಾಲು ಅಪ್ಸೆಣಬನ್ನು ಕತ್ತರಿಸದೆ ಬೀಜಕ್ಕೇ ಬಿಟ್ಟಿದ್ದೇನೆ. ಒಂದು ಕ್ವಿಂಟಲ್ ಆಗಬಹುದು. ಚಿಕ್ಕಪ್ಪನಿಗೆ ಮೂವತ್ತು ಕೆಜಿ ಈಗಲೇ ಬರೆದಿಟ್ಟಾಗಿದೆ.